ಬೆಂಗಳೂರಿನೊಳಗೆ ಕಳೆದುಹೋದ ಕೋಟೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ ಕಂಪ್ಯೂಟರ್ ಕ್ಷೇತ್ರದಲ್ಲಿ ಗ್ರಾಮೀಣ ಮಕ್ಕಳಿಗಿರುವ ಅವಕಾಶಗಳು ಎಂಬುದು. ಅದನ್ನು ಊಟವಾದ ಮೇಲೆ ಮಕ್ಕಳ ಜೊತೆ ಮರದ ಕೆಳಗೆ ಕೂತು ಮಾತಾಡುತ್ತೇನೆ. ಮೈಕಿನಲ್ಲಿ ಹೇಳಿದರೆ ಅವರು ಪ್ರಶ್ನೆ ಕೇಳುವುದಿಲ್ಲ. ಈಗ ಸಮಿತಿಯವರ ಒಪ್ಪಿಗೆ ಪಡೆದುಕೊಂಡೇ ಬೇರೆ ಒಂದು ವಿಷಯ ಹೇಳಲು ನಿಂತಿದ್ದೇನೆ. ಅದು ಒಂದು ಕೋಟೆಯ ವಿಷಯ, ಅದರೊಳಗಿದ್ದ ಅರಮನೆಯ ವಿಷಯ. ಎರಡೂ ಈಗ ಹೆಚ್ಚುಕಡಿಮೆ ಇಲ್ಲ.

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿದ್ದೀರಿ? ರೋಗಿಯಾಗಿ ಬೇಡ, ರೋಗಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋದವರೂ ಲೆಕ್ಕಕ್ಕೆ. ಹೆರಿಗೆಗೆ ವಾಣಿ ವಿಲಾಸಕ್ಕೆ ಹೋದವರು? ಹಬ್ಬದ ಹಿಂದಿನ ದಿನ ಹೂವು ಕೊಳ್ಳಲು ಕೆ.ಆರ್. ಮಾರ್ಕೆಟ್ಟಿಗೆ ಹೋದವರು? ನೋಡಿ, ಕೈ ಎತ್ತದವರೇ ಕಡಿಮೆ. ನೀವೆಲ್ಲ ಆ ಕೋಟೆಯನ್ನು ಮೆಟ್ಟಿ ಬಂದವರೇ. ಕೋಟೆಯ ಒಳಗೋ, ಗೋಡೆ ಇದ್ದ ಜಾಗದಲ್ಲೋ, ಕಂದಕ ಮುಚ್ಚಿದ ನೆಲದ ಮೇಲೋ ನಿಂತು ಚೀಟಿ ಮಾಡಿಸಿದ್ದೀರಿ, ಟೀ ಕುಡಿದಿದ್ದೀರಿ.

ಬೆಂಗಳೂರಿಗೂ ನಮಗೂ ಸಂಬಂಧ ಹಳೆಯದು. 1537ರಲ್ಲಿ ಬೆಂಗಳೂರಿಗೆ ಮಣ್ಣಿನ ಕೋಟೆ ಹಾಕಿದ ಕೆಂಪೇಗೌಡರದು ಯಲಹಂಕ ನಾಡಪ್ರಭುಗಳ ವಂಶ. ಆ ವಂಶದ ಹಿರಿಯರು ಮೊದಲು ಬಂದು ನೆಲೆ ನಿಂತದ್ದು ಆವತಿಯಲ್ಲಿ ಎಂದು ಪರಂಪರೆ ಹೇಳುತ್ತದೆ. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಬರುವಾಗ ಸಿಗುವ ಅದೇ ಆವತಿ. ದೇವನಹಳ್ಳಿಯ ಪಾಳೆಯಗಾರರು, ಚಿಕ್ಕಬಳ್ಳಾಪುರದ ಪಾಳೆಯಗಾರರು ಎಲ್ಲ ಅದೇ ಬೇರಿನ ಕೊಂಬೆಗಳು. ಹಾಗಾಗಿ ಬೆಂಗಳೂರು ನಮ್ಮನ್ನು ನುಂಗುತ್ತಿದೆ ಎಂದು ಯಾರಾದರೂ ಬೇಸರಪಟ್ಟರೆ ನಾನು ಹೇಳುವುದು, ಅದನ್ನು ಕಟ್ಟಿದ್ದು ನಮ್ಮ ಕಡೆಯವರೇ ಸ್ವಾಮಿ, ಅನುಭವಿಸೋಣ ಎಂದು.

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಬಂತು. ಆಮೇಲೆ ಊರು ಶಿವಾಜಿಯ ತಂದೆ ಷಹಜಿಯ ಜಾಗೀರಾಯಿತು. 1687ರಲ್ಲಿ ಮೊಗಲರು ಹಿಡಿದರು, ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ಮೂರು ಲಕ್ಷಕ್ಕೆ ವ್ಯಾಪಾರ ಕುದುರಿತು ಎಂದು ಹೇಳುತ್ತಾರೆ. ಇವತ್ತು ಆ ದುಡ್ಡಿಗೆ ಅಲ್ಲಿ ಏನು ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಾನು ಬಾಡಿಗೆ ಮನೆಯಲ್ಲಿದ್ದೇನೆ. ಪೇಟೆಯ ದಕ್ಷಿಣಕ್ಕೆ ಮೊಟ್ಟೆಯಾಕಾರದ ಕೋಟೆ ಎದ್ದದ್ದು ಚಿಕ್ಕದೇವರಾಜರ ಕಾಲದಲ್ಲಿ. ಅದರೊಳಗೆ ಅವರು ಕಟ್ಟಿಸಿದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಈಗಲೂ ಇದೆ, ಪೂಜೆಯೂ ನಡೆಯುತ್ತಿದೆ. 1761ರಲ್ಲಿ ಹೈದರಾಲಿ ಅದೇ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಉತ್ತರಕ್ಕೆ ಪೇಟೆಯ ಕಡೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಉದ್ದ ಸುಮಾರು 2,400 ಅಡಿ, ಅಗಲ 1,800 ಅಡಿ. ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ಸುತ್ತ ಕಂದಕ.

ಅರಮನೆಯನ್ನು ಹೈದರ್ 1781ರಲ್ಲಿ ಶುರುಮಾಡಿದ. ಮರುವರ್ಷ ಅವನು ತೀರಿಕೊಂಡ. ಮಗ ಟಿಪ್ಪು ಅದನ್ನು ಮುಗಿಸಿದ್ದು 1791ರಲ್ಲಿ. ತೇಗದ ಮರದ ಕಂಬಗಳು, ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದು. ಕಂಬದಿಂದ ಕಂಬಕ್ಕೆ ಕಮಾನು, ಮೇಲಂತಸ್ತಿನಲ್ಲಿ ದರ್ಬಾರು ನಡೆಸಲು ಮುಂಚಾಚಿದ ಬಾಲ್ಕನಿಗಳು, ಗೋಡೆಗೆ ಹೂವಿನ ಬಣ್ಣದ ಕೆಲಸ. ಗೋಡೆಗಳು ಮಾತ್ರ ಮಣ್ಣಿನವು. ನಮ್ಮ ಅಜ್ಜಂದಿರು ಮನೆ ಕಟ್ಟಿದ್ದಕ್ಕಿಂತ ಬಹಳ ಬೇರೆ ರೀತಿಯೇನಲ್ಲ, ಮೆರುಗು ಹೆಚ್ಚು ಅಷ್ಟೆ. ಅದಕ್ಕೆ ಇಟ್ಟ ಹೆಸರು ರಷ್ಕ್-ಎ-ಜನ್ನತ್. ಸ್ವರ್ಗವೇ ಹೊಟ್ಟೆಕಿಚ್ಚುಪಡುವ ಮನೆ ಎಂದರ್ಥ. ಇಲ್ಲಿರುವ ರೀಲರ್ ಅಣ್ಣಂದಿರಿಗೆ ನಾನು ಅರ್ಥ ಹೇಳಬೇಕಾಗಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು, ಹೀಗೆ ಮೂರರಲ್ಲೂ ಬೈಗುಳ ಕಲಿತು ಬೆಳೆದವರು ನಾವು. ಹಾಗೆ ನೋಡಿದರೆ ಆ ಗೂಡಿನ ಕಸುಬನ್ನು ಮೈಸೂರು ಸೀಮೆಯಲ್ಲಿ ಬೆಳೆಸಬೇಕೆಂದು 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿದವನೂ ಆ ಅರಮನೆ ಮುಗಿಸಿದ ಟಿಪ್ಪುವೇ.

1791 ಎಂದೆನಲ್ಲ, ಆ ಇಸವಿಯನ್ನು ನೆನಪಿಡಿ. ಅರಮನೆ ಮುಗಿದ ಅದೇ ವರ್ಷ ಕೋಟೆ ಬಿತ್ತು.

ಕಾರ್ನ್‌ವಾಲಿಸ್ ತನ್ನ ಸೈನ್ಯದೊಂದಿಗೆ ಘಟ್ಟ ಹತ್ತಿ ಕೋಲಾರ, ಹೊಸಕೋಟೆಗಳ ಮೇಲೆ ಬಂದ. ಈಗ ನಮ್ಮ ಎಚ್.ಕ್ರಾಸ್ ಕಡೆಯ ಬಸ್ಸುಗಳು ಹೋಗುವುದೂ ಹೊಸಕೋಟೆಯ ಮೇಲೆಯೇ. ಮಾರ್ಚ್ 7ರಂದು ಹಲಸೂರು ಬಾಗಿಲು ಒಡೆದು ಪೇಟೆ ಹಿಡಿದರು. ಆ ಕಾದಾಟದಲ್ಲಿ ಅವರ ಕರ್ನಲ್ ಮೂರ್‌ಹೌಸ್ ಸತ್ತ. ಎರಡು ವಾರ ಕೋಟೆಯ ಗೋಡೆಗೆ ಫಿರಂಗಿ ಹೊಡೆದು ಬಿರುಕು ಮಾಡಿದರು. 21ರ ರಾತ್ರಿ ಬೆಳದಿಂಗಳಲ್ಲಿ ಆ ಬಿರುಕಿನಿಂದ ನುಗ್ಗಿದರು. ಕಿಲ್ಲೇದಾರ ಬಹಾದೂರ್ ಖಾನ್ ಓಡಿಹೋಗಲಿಲ್ಲ, ಅಲ್ಲೇ ಕಾದಾಡಿ ಸತ್ತ. ಟಿಪ್ಪುವಿನ ಸೈನ್ಯ ಹತ್ತಿರದಲ್ಲೇ ಇತ್ತು, ಆದರೆ ಸಮಯಕ್ಕೆ ಒದಗಲಿಲ್ಲ. ಆ ಕಿಲ್ಲೇದಾರನದೆಂದು ಜನ ಹೇಳುವ ಗೋರಿ ಮಾರ್ಕೆಟ್ಟಿನ ಹತ್ತಿರ ಇದೆ, ದೀಪ ಹಚ್ಚುವವರು ಇದ್ದಾರೆ. ಅದೇ ವರ್ಷ ಅಕ್ಟೋಬರ್ 19ಕ್ಕೆ ನಮ್ಮ ನಂದಿ ಬೆಟ್ಟದ ಕೋಟೆಯೂ ಹೋಯಿತು.

ಕೋಟೆ ಇಲ್ಲವಾದದ್ದು ಯುದ್ಧದಿಂದ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಫಿರಂಗಿ ಮಾಡಿದ್ದು ಒಂದು ಬಿರುಕನ್ನು ಮಾತ್ರ. 1792ರ ಒಪ್ಪಂದದಲ್ಲಿ ಬೆಂಗಳೂರು ಟಿಪ್ಪುವಿಗೆ ವಾಪಸು ಬಂತು. ಈ ಕೋಟೆ ಇಂಗ್ಲಿಷರ ಎದುರು ನಿಲ್ಲುವುದಿಲ್ಲ, ಅವರ ಕೈಗೆ ಸಿಕ್ಕರೆ ನನಗೇ ಅಪಾಯ ಎಂದು ಅವನೇ ಅದನ್ನು ಕೆಡವಿಸಿದ. 1800ರಲ್ಲಿ ಬುಕನನ್ ಎಂಬ ವೈದ್ಯ ಈ ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಜಾತಿ, ತೆರಿಗೆ ಎಲ್ಲವನ್ನೂ ಬರೆದುಕೊಂಡು ಹೋದ. ಕೋಲಾರ, ಚಿಕ್ಕಬಳ್ಳಾಪುರದ ಕಡೆಗೂ ಬಂದಿದ್ದ. ಅವನು ಬೆಂಗಳೂರಿಗೆ ಬಂದಾಗ ಕಂಡದ್ದು ಹಾಳುಬಿದ್ದ ಕೋಟೆ, ಅದರ ನಡುವೆ ಮಣ್ಣಿನದಾದರೂ ಠೀವಿಯಾಗಿ ನಿಂತ ಅರಮನೆ. ಆಮೇಲೆ ದಿವಾನ್ ಪೂರ್ಣಯ್ಯನವರು ಕೋಟೆಯನ್ನು ರಿಪೇರಿ ಮಾಡಿಸಿದರು. ಅಂದರೆ ಒಮ್ಮೆ ಬಿದ್ದು ಮತ್ತೆ ಎದ್ದ ಕೋಟೆ ಅದು.

ಅದನ್ನು ನಿಜವಾಗಿ ಇಲ್ಲವಾಗಿಸಿದ್ದು ನಮ್ಮ ಅಗತ್ಯಗಳು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ವಹಿಸಿಕೊಂಡ ಮೇಲೆ ಅರಮನೆಯೇ ಸರ್ಕಾರದ ಕಚೇರಿಯಾಯಿತು. ಸ್ವರ್ಗ ಹೊಟ್ಟೆಕಿಚ್ಚುಪಟ್ಟ ಮನೆಯಲ್ಲಿ ಕಡತಗಳ ಗಂಟುಗಳು ಬಿದ್ದವು. 1868ರಲ್ಲಿ ಕಬ್ಬನ್ ಪಾರ್ಕಿನ ಅಠಾರಾ ಕಚೇರಿ ಸಿದ್ಧವಾಯಿತು, ಗುಮಾಸ್ತರೆಲ್ಲ ಅಲ್ಲಿಗೆ ಹೋದರು. ಮಣ್ಣಿನ ಗೋಡೆಯ ಮನೆ ನಿಲ್ಲುವುದು ಅದರೊಳಗೆ ಜನ ಇದ್ದರೆ. ವರ್ಷಕ್ಕೊಮ್ಮೆ ಸಾರಿಸಬೇಕು, ಸೋರಿದ ಕಡೆ ಹೆಂಚು ಬದಲಾಯಿಸಬೇಕು, ಗೆದ್ದಲು ಒರೆಸಬೇಕು. ಬೀಗ ಹಾಕಿದ ಹಳ್ಳಿಮನೆ ಎಷ್ಟು ಮಳೆಗಾಲ ತಡೆಯುತ್ತದೆ ಎಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕೆ? ಅರಮನೆಯ ಹೆಚ್ಚಿನ ಭಾಗ ಹೋಯಿತು. ಇವತ್ತು ಟಿಕೆಟ್ ಕೊಟ್ಟು ನೋಡುವ ಟಿಪ್ಪು ಅರಮನೆ ಎಂದರೆ ಅದರ ಉಳಿದ ಒಂದು ಪಾರ್ಶ್ವ ಮಾತ್ರ.

ಕೋಟೆಯ ಕಥೆಯೂ ಅದೇ. ಸೈನ್ಯಕ್ಕೆ ಅದು ಬೇಡವಾಯಿತು, ಊರಿಗೆ ಜಾಗ ಬೇಕಾಯಿತು. 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದರು. 1898ರಲ್ಲಿ ಊರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆ, ಗೋಡೆ, ಕಂದಕದ ನಿಂತ ನೀರು ಎಂದರೆ ಜನ ಹೆದರುವ ಕಾಲ ಅದು. 1900ರಲ್ಲಿ ಆಸ್ಪತ್ರೆ ತೆರೆಯಿತು. 1928ರಲ್ಲಿ ಕೃಷ್ಣರಾಜ ಮಾರುಕಟ್ಟೆ ಬಂತು, 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ, ಸ್ವಾತಂತ್ರ್ಯ ಬಂದ ಮೇಲೆ ಮೆಡಿಕಲ್ ಕಾಲೇಜು. ಕೃಷ್ಣರಾಜೇಂದ್ರ ರಸ್ತೆ ಮೊಟ್ಟೆಯನ್ನು ಸೀಳಿಕೊಂಡು ಉತ್ತರದಿಂದ ದಕ್ಷಿಣಕ್ಕೆ ಹೋಯಿತು. ಗೋಡೆ ಒಂದೊಂದೇ ತುಂಡು ಹೋಯಿತು, ಕಂದಕ ಮುಚ್ಚಿಹೋಯಿತು. ಉಳಿದದ್ದು ದೆಹಲಿ ಬಾಗಿಲಿನ ಸುತ್ತಲಿನ ಸಣ್ಣ ತುಂಡು. ಆ ಎತ್ತರದ ಬಾಗಿಲು, ಕಲ್ಲಿನಲ್ಲಿ ಕಡೆದ ಕಮಲ, ನವಿಲು, ಒಳಗೊಂದು ಪುಟ್ಟ ಗಣಪತಿ. ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕ, ಇಂಗ್ಲಿಷರು ಇಲ್ಲಿಂದ ನುಗ್ಗಿದರು ಎಂದು. ಎದುರಿಗೆ ಮಾರ್ಕೆಟ್ಟಿನ ಮೇಲ್ಸೇತುವೆ. ದಿನಕ್ಕೆ ಸಾವಿರಾರು ಜನ ಪಕ್ಕದಲ್ಲೇ ಹೋಗುತ್ತಾರೆ, ಬಸ್ಸಿನ ಬೋರ್ಡು ನೋಡುತ್ತಾರೆಯೇ ಹೊರತು ಅದನ್ನು ನೋಡುವುದಿಲ್ಲ. 2012ರಲ್ಲಿ ಮೆಟ್ರೋ ಕೆಲಸಕ್ಕೆ ಅಲ್ಲಿ ಅಗೆಯುವಾಗ ಹಳೆಯ ಫಿರಂಗಿಗಳು ಸಿಕ್ಕಿದ್ದವು. ಆಗ ಒಂದೆರಡು ದಿನ ಪೇಪರಿನವರು ಬರೆದರು, ಜನ ಬಂದು ನೋಡಿದರು.

ಇದನ್ನು ನಾನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ ಎಂಬುದನ್ನು ಗಮನಿಸಿ. ಕೋಟೆ ಉಳಿಸಿ ಆಸ್ಪತ್ರೆ ಬಿಡಬೇಕಿತ್ತು ಎಂದು ನಾನು ಹೇಳಲಾರೆ. ನಮ್ಮ ತಾಲ್ಲೂಕಿನಿಂದ ಎಷ್ಟು ಜೀವ ಅಲ್ಲಿಗೆ ಹೋಗಿ ಉಳಿದು ಬಂದಿಲ್ಲ! ಕಟ್ಟಡಕ್ಕೂ ಒಂದು ಆಯುಸ್ಸು ಇರುತ್ತದೆ, ಅದರ ಸಾಮಾನು ಇನ್ನೊಂದು ಕಡೆ ಬದುಕುತ್ತದೆ. ಶ್ರೀರಂಗಪಟ್ಟಣದಲ್ಲೂ ಟಿಪ್ಪುವಿನ ಅರಮನೆ ಬಿಚ್ಚಿದರು. ಅಲ್ಲಿಯ ತೊಲೆಗಳನ್ನು ಘಟ್ಟ ಹತ್ತಿಸಿ ಊಟಿಗೆ ಸಾಗಿಸಿ 1829–30ರಲ್ಲಿ ಸೇಂಟ್ ಸ್ಟೀಫನ್ ಚರ್ಚು ಕಟ್ಟಿದರು. ಸುಲ್ತಾನನ ತಲೆಯ ಮೇಲಿದ್ದ ಮರದ ಕೆಳಗೆ ಈಗ ಭಾನುವಾರದ ಪ್ರಾರ್ಥನೆ ನಡೆಯುತ್ತದೆ. ನಮ್ಮೂರುಗಳಲ್ಲಿ ಹಳೆಯ ತೊಟ್ಟಿಮನೆ ಬಿಚ್ಚಿದಾಗ ಬಾಗಿಲುವಾಡ ಒಬ್ಬರ ಮನೆಗೆ, ಕಂಬ ಇನ್ನೊಬ್ಬರ ದನದ ಕೊಟ್ಟಿಗೆಗೆ ಹೋಗುವುದಿಲ್ಲವೇ, ಹಾಗೆ.

ನನ್ನನ್ನು ಕಾಡುವ ಸಂಗತಿ ಬೇರೆ. ಎರಡು ವರ್ಷದ ಹಿಂದೆ ರಜೆಯ ದಿನಗಳಲ್ಲಿ ಹವ್ಯಾಸಕ್ಕೆಂದು 1791ರ ಕೋಟೆಯ ನಕ್ಷೆಯನ್ನು ತೆಗೆದುಕೊಂಡು ಇಂದಿನ ಉಪಗ್ರಹ ಚಿತ್ರದ ಮೇಲೆ ಕಂಪ್ಯೂಟರಿನಲ್ಲಿ ಹಾಸಿ ನೋಡಿದೆ. ಮಕ್ಕಳೇ, ಇದು ಕಷ್ಟದ ಕೆಲಸವಲ್ಲ. ಎರಡರಲ್ಲೂ ಇರುವ ಜಾಗಗಳನ್ನು ಹುಡುಕಬೇಕು. ನನಗೆ ದೆಹಲಿ ಬಾಗಿಲು ಸಿಕ್ಕಿತು, ಅರಮನೆ ಸಿಕ್ಕಿತು. ಅವೆರಡನ್ನು ಮೊಳೆ ಹೊಡೆದ ಹಾಗೆ ಕೂರಿಸಿ, ಅಡಿಯ ಲೆಕ್ಕವನ್ನು ಮೀಟರಿಗೆ ತಿರುಗಿಸಿ, ಹಳೆಯ ಹಾಳೆಯನ್ನು ಎಳೆದು ತಿರುಗಿಸಿ ಹೊಂದಿಸಬೇಕು. ಪೂರ್ತಿ ಕೂಡುವುದಿಲ್ಲ. ಉತ್ತರ ಕೂಡಿಸಿದರೆ ದಕ್ಷಿಣ ಜರುಗುತ್ತದೆ. ಯುದ್ಧದ ಗಡಿಬಿಡಿಯಲ್ಲಿ ಬರೆದ ನಕ್ಷೆ ತಾನೆ! ಆದರೂ ಮೊಟ್ಟೆಯ ಗೆರೆ ಆಸ್ಪತ್ರೆಯ ಕಾಂಪೌಂಡು, ಕಾಲೇಜು, ಬಸ್ಸಿನ ರಸ್ತೆಗಳ ಮೇಲೆ ಮೆಲ್ಲಗೆ ಮೂಡಿದಾಗ ನನಗೆ ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರಲಿಲ್ಲ.

ಆ ನಕ್ಷೆ ಬರೆದವರು ಯಾರು? ಕೋಟೆ ಹಿಡಿದವರು. ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಗಾರ ಬಂದಿದ್ದ. ಅವನು ಬರೆದ ಚಿತ್ರಗಳು, ಜೊತೆಗೆ ದಾಳಿಯ ಗುರುತು ಹಾಕಿದ ಕೋಟೆಯ ನಕ್ಷೆ, 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಕೋಲ್‌ಬ್ರೂಕ್ ಎಂಬ ಸರ್ವೆಯವನು ಬರೆದ ದೃಶ್ಯಗಳೂ ಅದೇ ವರ್ಷ ಅಚ್ಚಾದವು. ಅರಮನೆ ಪೂರ್ತಿಯಾಗಿ ನಿಂತಿದ್ದಾಗ ಹೇಗಿತ್ತು ಎಂದು ಇವತ್ತು ಹೇಳಬಲ್ಲೆವಾದರೆ ಅದು ಆ ಚಿತ್ರಗಳಿಂದ. ಹಿಡಿಯಲು ಬಂದವನು ಅಳೆದ, ಬರೆದ, ಜೋಪಾನ ಮಾಡಿದ. ಆಮೇಲೆ ಒಂದೊಂದೇ ಗೋಡೆ ಬೀಳುವಾಗ ಹತ್ತಿರದಲ್ಲೇ ಇದ್ದ ನಮ್ಮ ಜನ ನೋಡಿಕೊಂಡು ಮಾರ್ಕೆಟ್ಟಿಗೆ ಹೋದರು. ಆ ಕಲ್ಲು ಕಡೆದ ಒಡ್ಡರು, ತೇಗದ ತೊಲೆ ಕೆತ್ತಿದ ಬಡಗಿಗಳು, ಸುಣ್ಣ ಅರೆದ ಹೆಂಗಸರು, ಅವರಲ್ಲಿ ಒಬ್ಬರ ಹೆಸರಾದರೂ ನನಗೆ ಎಲ್ಲೂ ಸಿಗಲಿಲ್ಲ. ಕರ್ನಲ್ ಮೂರ್‌ಹೌಸ್ ಸತ್ತದ್ದನ್ನು ಹೋಮ್ ದೊಡ್ಡ ಚಿತ್ರವನ್ನೇ ಬರೆದಿದ್ದಾನೆ.

ನಮ್ಮ ಪಟ್ಟಣದಲ್ಲೂ ಕೋಟೆ ವೃತ್ತ ಎಂಬುದಿದೆ. ಅಲ್ಲಿ ಆಟೋ ಹತ್ತುವ ಮಕ್ಕಳಿಗೆ ಹೇಳುತ್ತೇನೆ, ಕೋಟೆ ಎಲ್ಲಿ ಎಂದು ಒಮ್ಮೆ ಸುತ್ತ ತಿರುಗಿ ನೋಡಿ. ಹೆಸರು ಉಳಿದಿದೆ. 1905ರಲ್ಲಿ ರೈಸ್ ಎಂಬ ಅಧಿಕಾರಿ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚು ಹಾಕಿಸಿದ. ಅದು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ. ಆಗ ನಾವೂ ಕೋಲಾರ ಜಿಲ್ಲೆಯವರೇ. ಅದರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಭಾಗವೇ ಬೇರೆ ಇದೆ, ಊರೂರಿನ ಹೆಸರು ಹಾಕಿ ಯಾವ ಕಲ್ಲು ಎಲ್ಲಿ ನಿಂತಿತ್ತು ಎಂದು ಬರೆದಿದೆ. ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಇಂಥವರ ಹೊಲದಲ್ಲಿ ಎಂದು. ಆ ಪುಸ್ತಕ ಹಿಡಿದು ಬೆಂಗಳೂರಿನ ಸುತ್ತ ಕಲ್ಲು ಹುಡುಕುವ ಕೆಲಸವನ್ನು ಈಗ ಉತ್ಸಾಹಿಗಳು ಮಾಡುತ್ತಿದ್ದಾರೆ. ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ, ಅಕ್ಷರ ಸವೆದಿದ್ದರೂ ಕಂಪ್ಯೂಟರಿನಲ್ಲಿ ಬೆಳಕು ತಿರುಗಿಸಿ ಓದಬಹುದು. ನಮ್ಮ ಊರುಗಳಲ್ಲಿ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾಗಿರಬಹುದು, ಚರಂಡಿಗೆ ಮುಚ್ಚಳವಾಗಿರಬಹುದು. ಎತ್ತಿ ತನ್ನಿ ಎಂದು ನಾನು ಹೇಳುವುದಿಲ್ಲ. ಎಲ್ಲಿದೆಯೋ ಅಲ್ಲೇ ಒಂದು ಫೋಟೋ ತೆಗೆದು, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡರೆ ಸಾಕು.

ಇಷ್ಟೆಲ್ಲ ಹೇಳಿದ್ದು ಒಂದು ಕೆಲಸ ಕೇಳುವುದಕ್ಕೆ.

ನಮ್ಮ ಶಾಲೆಯ ಹಳೆಯ ಹೆಂಚಿನ ಕೊಠಡಿಗಳನ್ನು ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ನಡೆದಿದೆ. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಇದರ ಮೇಲೆ ಜಗಳವೇ ಆಗಿದೆ. ಕೆಲವರು ಒಂದು ಹೆಂಚೂ ಮುಟ್ಟಕೂಡದು ಎಂದರು. ಅವರೆಲ್ಲ ನನ್ನ ಹಾಗೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರು, ಅವರ ಮಕ್ಕಳು ಈ ಕೊಠಡಿಯಲ್ಲಿ ಕೂರುವುದಿಲ್ಲ. ಮಳೆಗಾಲದಲ್ಲಿ ಎಂಟನೆಯ ತರಗತಿಯವರು ಬೆಂಚು ಎಳೆದುಕೊಂಡು ಮೂಲೆಯಿಂದ ಮೂಲೆಗೆ ಓಡುವುದನ್ನು ಮೇಡಂ ಈಗ ತಾನೇ ಹೇಳಿದರು. ಮಕ್ಕಳ ತಲೆಯ ಮೇಲಿನ ತೊಲೆಗೆ ಗೆದ್ದಲು ಹಿಡಿದಿರುವಾಗ ನೆನಪಿಗಾಗಿ ಅದನ್ನು ಉಳಿಸಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. ಕೆಡವಲಿ.

ಆದರೆ ಕೆಡವುವ ಮೊದಲು ನಾವೇ ಅಳೆದು ಬರೆದಿಡೋಣ. ಕೊಠಡಿಯ ಉದ್ದ ಅಗಲ, ಗೋಡೆಯ ದಪ್ಪ, ತೊಲೆಗಳ ಲೆಕ್ಕ, ಕಿಟಕಿ ಯಾವ ದಿಕ್ಕಿಗೆ, ಹೆಂಚಿನ ಮೇಲೆ ಯಾವ ಕಾರ್ಖಾನೆಯ ಮುದ್ರೆ ಎಲ್ಲ ಬರಲಿ. ಕಪ್ಪುಹಲಗೆಯ ಪಕ್ಕದ ಗೋಡೆಯಲ್ಲಿ ಕೈವಾರದಿಂದ ಕೊರೆದ ಹೆಸರುಗಳನ್ನೂ ಬಿಡಬಾರದು, ಅದರಲ್ಲಿ ಯಾರ್ಯಾರದಿದೆ ಎಂದು ಇಲ್ಲಿ ಹೇಳಿದರೆ ಕೆಲವರಿಗೆ ಈಗಲೂ ಮೇಷ್ಟ್ರಿಂದ ಏಟು ಬೀಳಬಹುದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಜಾಗ ಬಿಟ್ಟುಕೊಟ್ಟವರು ಯಾರು, ಅಡಿಪಾಯಕ್ಕೆ ಕಲ್ಲು ಗಾಡಿಯಲ್ಲಿ ಹೊಡೆದವರು ಯಾರು, ಗಾರೆ ಕೆಲಸದವರು ಯಾವ ಊರಿನವರು, ಮಣ್ಣು ಹೊತ್ತವರು ಯಾರು, ಇದೆಲ್ಲ ಬಲ್ಲ ಹಿರಿಯರು ಈ ಶಾಮಿಯಾನದ ಕೆಳಗೆ ಇನ್ನೂ ಇದ್ದಾರೆ. ಐವತ್ತು ವರ್ಷ ಎಂದರೆ ಕೇಳಿ ತಿಳಿಯಬಹುದಾದ ದೂರ. ನೂರು ವರ್ಷಕ್ಕೆ ಯಾರನ್ನು ಕೇಳುವುದು?

ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಒಂಬತ್ತನೆಯ ತರಗತಿಯ ಮಕ್ಕಳು ನಾಲ್ಕು ತಂಡವಾಗಲಿ. ಎರಡು ತಂಡ ಅಳತೆಗೆ, ಒಂದು ತಂಡ ಫೋಟೋಗೆ, ಇನ್ನೊಂದು ತಂಡ ಹಿರಿಯರ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದಕ್ಕೆ. ತಾತ ಅಜ್ಜಿಯರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ಕನ್ನಡಕ್ಕೆ ಆಮೇಲೆ ತಿರುಗಿಸಿಕೊಳ್ಳೋಣ. ಹಳೆಯ ದಾಖಲಾತಿ ಪುಸ್ತಕಗಳು ಸ್ಟಾಫ್ ರೂಮಿನ ಬೀರುವಿನ ಕೆಳಗಿನ ಅರೆಯಲ್ಲಿವೆ, ಅವನ್ನು ಸ್ಕ್ಯಾನ್ ಮಾಡುವುದು ನನ್ನ ಪಾಲು. ಬರುವ ಎರಡನೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಇಲ್ಲಿರುತ್ತೇನೆ. ಅಳತೆಯ ಟೇಪು ತರುತ್ತೇನೆ. ತೊಲೆ ಅಳೆಯುವುದಕ್ಕೆ ಒಂದು ಎತ್ತರದ ಏಣಿ ಬೇಕು, ಮನೆಯಲ್ಲಿ ಇರುವವರು ದಯವಿಟ್ಟು ಶುಕ್ರವಾರ ಸಂಜೆಯೊಳಗೆ ಶಾಲೆಗೆ ತಲುಪಿಸಿ.